ಬಾಬಿನ್‌ಗೆ ಸೂಜಿ ಹಾಕಿದ ಸೋಮವಾರ

ಬೆಕ್ಕಿಗೆ ಸಕ್ಕರೆ ಕಾಯಿಲೆ ಅಂತ ಡಾಕ್ಟ್ರು ಹೇಳಿದಾಗ ನಾನು ನಕ್ಕುಬಿಟ್ಟೆ. ಬೇಕಂತ ನಕ್ಕಿದ್ದಲ್ಲ, ಬಂದುಬಿಡ್ತು. ನಮ್ಮ ನರಸೀಪುರದಲ್ಲಿ ಮನೆಗೊಬ್ಬರಿಗೆ ಸಕ್ಕರೆ ಇದೆ. ಬ್ಲೌಸಿಗೆ ಅಳತೆ ಕೊಡೋಕೆ ಬರೋ ಹೆಂಗಸರಲ್ಲಿ ಅರ್ಧ ಜನ ನಂಗೆ ಸಪ್ಪೆ ಕಾಫಿ ಕೊಡಿ ಅಂತಾರೆ. ಆದರೆ ಎರಡು ವರ್ಷದ ಬೆಕ್ಕು ಯಾವ ಮದುವೆ ಮನೇಲಿ ಕೂತು ಹೋಳಿಗೆ ಬಾರಿಸಿತ್ತು ಹೇಳಿ.

"ನಗಬೇಡಿ ಆಂಟಿ, ನಿಜವಾಗ್ಲೂ ಹೇಳ್ತಿದೀನಿ" ಅಂದ್ರು ಡಾಕ್ಟರ್ ನಯನ. ನಂಜನಗೂಡಿನಲ್ಲಿ ಹೊಸದಾಗಿ ನಾಯಿ ಬೆಕ್ಕಿನ ಕ್ಲಿನಿಕ್ಕು ಇಟ್ಟಿರೋ ಹುಡುಗಿ. ನಮ್ಮೂರ ದನದ ಆಸ್ಪತ್ರೆಯೋರು, ನಮಗೆ ಹಸು ಕುರಿ ಗೊತ್ತು ಕಣಮ್ಮ, ಬೆಕ್ಕಿಗಾದ್ರೆ ಅಲ್ಲಿಗೆ ಹೋಗಿ ಅಂತ ಕಳಿಸಿದ್ರು.

ನಾನು ನಾಗರತ್ನ. ನರಸೀಪುರದ ಬಸ್ ಸ್ಟ್ಯಾಂಡ್ ಹಿಂದಿನ ಬೀದೀಲಿ ಮೂವತ್ತೆರಡು ವರ್ಷದಿಂದ ಬ್ಲೌಸ್ ಹೊಲೀತಿದ್ದೀನಿ. ನನ್ನ ಬಾಯಿ ಸ್ವಲ್ಪ ಜೋರು. ಬೇರೆಯವರು ಹೇಳೋಕೆ ಮುಂಚೆ ನಾನೇ ಹೇಳಿಬಿಡ್ತೀನಿ. ನಮ್ಮ ಯಜಮಾನ್ರು ಬಸವಯ್ಯ ಮೇಷ್ಟ್ರು, ಹೆಮ್ಮಿಗೆ ಊರಿನ ಸ್ಕೂಲಲ್ಲಿ ಪಾಠ ಹೇಳಿ ರಿಟೈರ್ ಆದೋರು. ಅವರು ನಂಗೆ ಪೂರ್ತಿ ಉಲ್ಟಾ. ದಿನಕ್ಕೆ ಹತ್ತು ಮಾತಾಡಿದ್ರೆ ಹೆಚ್ಚು. ಲಿಂಗಪೂಜೆ, ಪೇಪರ್ರು, ಕರಿಬೇವಿನ ಗಿಡಕ್ಕೆ ನೀರು, ಇಷ್ಟೇ ಅವರ ಪ್ರಪಂಚ.

ಬೆಕ್ಕಿನ ಹೆಸರು ಬಾಬಿನ್. ಮನೆಗೆ ತಂದ ದಿನವೇ ಹೊಲಿಗೆ ಮಿಷನ್ನಿಂದ ಉರುಳಿ ಬಿದ್ದ ದಾರ ಸುತ್ತಿದ ಬಾಬಿನ್ ಹಿಂದೆ ಓಡಿ ಓಡಿ, ಇದ್ದಬದ್ದ ಕೆಂಪು ದಾರವನ್ನೆಲ್ಲ ಕಾಲಿಗೆ ಸುತ್ತಿಕೊಂಡು ಕಿರುಚ್ತಾ ಕೂತಿತ್ತು. ಯಜಮಾನ್ರು ಅವತ್ತು ಕತ್ತರಿ ತಗೊಂಡು ಅರ್ಧ ಗಂಟೆ ದಾರ ಬಿಡಿಸಿದ್ರು. ಹೆಸರಿಟ್ಟೋರೂ ಅವರೇ. ಇಟ್ಟಮೇಲೆ ಎರಡು ದಿನ ತಮ್ಮಷ್ಟಕ್ಕೆ ತಾವೇ ನಗ್ತಿದ್ರು.

ಅದನ್ನ ನಾನು ತಂದದ್ದು ಹೆಡತಲೆಯಿಂದ, ನನ್ನ ತವರಿಂದ. ಅಲ್ಲಿ ನಮ್ಮವ್ವ ಜವರಮ್ಮನ ಹೆಂಚಿನ ಮನೇಲಿ ಬೆಕ್ಕಿಲ್ಲದ ದಿನ ಅಂತ ನಾನು ನೋಡಿಲ್ಲ. ಎಲ್ಲಾ ಒಂದೇ ವಂಶದವು. ಮೈ ಬೂದಿ ಬಣ್ಣ, ಬಾಲದ ತುದಿ ಮಾತ್ರ ಬೆಳ್ಳಗೆ. ಅವ್ವ ಬೆಳಗ್ಗೆ ಹಸು ಕರೆಯೋಕೆ ಕೂತ್ರೆ ಪಕ್ಕದಲ್ಲಿ ಎರಡೋ ಮೂರೋ ಬಾಯಿ ತೆರಕೊಂಡು ಕೂತಿರೋವು. ಅವ್ವ ಚೊಂಬಿನ ಕಡೆ ನೋಡ್ತಾನೇ ಮೊಲೆ ತೊಟ್ಟು ಇತ್ತ ತಿರುಗಿಸಿ ಒಂದು ಗೀರು ಹಾಲು ಸೀದಾ ಬೆಕ್ಕಿನ ಬಾಯಿಗೆ ಬಿಡೋಳು. ಒಂದು ಹನಿ ಕೆಳಗೆ ಬೀಳ್ತಿರಲಿಲ್ಲ. ನಾನೂ ಒಂದ್ಸಲ ಬೆಕ್ಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಾಯಿ ತೆರೆದೆ. ಅವ್ವ ನಂಗೂ ಬಿಟ್ಟಳು. ಮೂಗಿಗೆ ಬಿತ್ತು. ಅವಳು ಅಷ್ಟು ನಕ್ಕಿದ್ದನ್ನ ನಾನು ಆಮೇಲೆ ನೋಡಿದ್ದು ಕಮ್ಮಿ.

ಅವ್ವ ಹೋದ ಮಾರನೇ ವರ್ಷ ನಮ್ಮಣ್ಣ ಹೆಂಚಿನ ಮನೆ ಕೆಡವಿ ಸಿಮೆಂಟಿನ ಮೌಲ್ಡ್ ಮನೆ ಕಟ್ಟಿಸಿದ. ತಪ್ಪೇನಿಲ್ಲ, ಅವನ ಮನೆ ಅವನಿಷ್ಟ. ಕೆಡವೋ ಹಿಂದಿನ ದಿನ ನೋಡಿಕೊಂಡು ಬರೋಣ ಅಂತ ಹೋದೆ. ಹೆಂಚೆಲ್ಲ ಇಳಿಸಿದ್ರು, ಅಡುಗೆ ಮನೆ ಒಳಗೆ ಬಿಸಿಲು ಬಿದ್ದಿತ್ತು. ಹುಟ್ಟಿದಾಗಿನಿಂದ ಕತ್ತಲೆ ಇದ್ದ ಜಾಗದಲ್ಲಿ ಬಿಸಿಲು ನೋಡಿ ನಂಗೆ ಏನೋ ಒಂಥರಾ ಆಯ್ತು. ಸೌದೆ ಒಟ್ಟೋ ಮೂಲೇಲಿ ಮುಷ್ಟಿಯಷ್ಟು ಮರಿ, ಒಂದೇ ಒಂದು. ತಾಯಿ ಧೂಳು ಗಲಾಟೆಗೆ ಓಡಿಹೋಗಿ ಎರಡು ದಿನವಾಗಿತ್ತಂತೆ. ಬಾಲದ ತುದಿ ಬೆಳ್ಳಗಿತ್ತು. ಬಟ್ಟೆ ಬ್ಯಾಗಿಗೆ ಹಾಕ್ಕೊಂಡು ಬಸ್ ಹತ್ತಿಬಿಟ್ಟೆ. ಅಣ್ಣ, ತವರಿಂದ ಬೇರೇನೂ ಬೇಡ್ವಾ ಅಂದ. ಇದೇ ನನ್ನ ಪಾಲು ಕಣೋ ಅಂದೆ. ತಮಾಷೆಗೆ ಅಂದಿದ್ದು, ಆದರೆ ನಿಜವೇ ಆಗಿತ್ತು.

ಅಂಥ ಬಾಬಿನ್ನು ಈ ವರ್ಷ ಬೇಸಿಗೇಲಿ ಬಚ್ಚಲ ಬಕೀಟಿಗೆ ತಲೆ ಹಾಕಿ ನೀರು ಕುಡಿಯೋಕೆ ಶುರು ಮಾಡ್ತು. ತಿಂತಾ ತಿಂತಾ ಬಡಕಲಾಯ್ತು. ಹಿಂಗಾಲು ಬೆರಳ ಮೇಲೆ ನಿಲ್ಲದೆ ಹಿಮ್ಮಡಿವರೆಗೂ ನೆಲಕ್ಕೆ ಊರಿ ನಡೆಯೋದು. ಅದೇ ಸಕ್ಕರೆ ಅಂದ್ರು ನಯನ, ನರಕ್ಕೆ ಇಳಿದಿದೆ ಅಂದ್ರು. ಏನು ಹಾಕ್ತಿದ್ರಿ ಅಂತ ಕೇಳಿದ್ರು. ಹಾಲು ಕಲಸಿದ ಅನ್ನ, ಮತ್ತೇನು. ನಮ್ಮವ್ವನ ಬೆಕ್ಕುಗಳೂ ಹಾಲನ್ನ ತಿಂದೇ ಬೆಳೆದದ್ದು ಅಂತ ಸ್ವಲ್ಪ ಜೋರಾಗೇ ಹೇಳಿದೆ. "ಅವು ಇಲಿ ಹಿಡೀತಿರಲಿಲ್ವಾ ಆಂಟಿ?" ಅಂದ್ರು ಆಕೆ. ಹಿಡೀತಿದ್ವು. ರಾಗಿ ಗುಡಾಣದ ಸುತ್ತ ಇಲಿಗೆ ಬರವೇ ಇರಲಿಲ್ಲ. ನಮ್ಮ ಬಾಬಿನ್ನು ದಿನವಿಡೀ ಬ್ಲೌಸ್ ಪೀಸಿನ ಮೇಲೆ ಬಿದ್ದುಕೊಂಡಿರೋದು, ಇಲಿ ಎದುರಿಗೆ ಬಂದ್ರೆ ಅದೇ ಹೆದರಿಕೊಳ್ತಿತ್ತು.

ಡಾಕ್ಟ್ರು ಎರಡು ವಿಷಯ ಕಡ್ಡಿ ಮುರಿದ ಹಾಗೆ ಹೇಳಿದ್ರು. ಒಂದು, ಅನ್ನ ಹಾಲು ಬಂದ್, ಬೇಯಿಸಿದ ಕೋಳಿನೋ ಮೀನೋ ಮಾತ್ರ. ಎರಡು, ಬೆಳಗ್ಗೆ ಏಳಕ್ಕೆ ಸಂಜೆ ಏಳಕ್ಕೆ ಒಂದೊಂದು ಯೂನಿಟ್ ಇನ್ಸುಲಿನ್. "ಮೊದಲು ಊಟ, ಆಮೇಲೆ ಸೂಜಿ. ತಿನ್ನಲಿಲ್ಲ ಅಂದ್ರೆ ಸೂಜಿ ಹಾಕಲೇಬೇಡಿ, ನಂಗೆ ಫೋನ್ ಮಾಡಿ" ಅಂತ ಚೀಟಿ ಮೇಲೂ ಬರೆದು ಕೊಟ್ರು.

ಸೂಜಿ ನಂಗೆ ಹೊಸದಾ? ಆದರೂ ಮೊದಲನೇ ದಿನ ಮೂರು ಸಲ ಚರ್ಮ ಹಿಡಿದು ಮೂರು ಸಲ ಬಿಟ್ಟೆ. ಬಟ್ಟೆಗೆ ನೋವಾಗಲ್ಲ. ಹತ್ತು ದಿನದಲ್ಲಿ ರೂಢಿಯಾಯ್ತು. ಕತ್ತಿನ ಹಿಂದಿನ ಚರ್ಮ ಎತ್ತಿ ಹಿಡಿದು ಚುಚ್ಚಿದ್ರೆ ಅದಕ್ಕೆ ಗೊತ್ತೇ ಆಗ್ತಿರಲಿಲ್ಲ. ಕಷ್ಟ ಆಗಿದ್ದು ಕೋಳಿದು. ನಮ್ಮದು ಲಿಂಗಾಯತರ ಮನೆ. ಕತ್ತಿನಲ್ಲಿ ಲಿಂಗ ಇದೆ, ಒಂದು ಮೊಟ್ಟೆ ಸಹ ಹೊಸಿಲು ದಾಟಿ ಒಳಗೆ ಬಂದಿಲ್ಲ. ಎರಡು ದಿನ ನಾನು ಊಟ ಬಿಟ್ಟು ಯೋಚನೆ ಮಾಡ್ತಾ ಕೂತಿದ್ದೆ.

ನಾನು ಯಜಮಾನ್ರ ಹತ್ರ ಗೋಳಾಡ್ತಿದ್ದದ್ದನ್ನ ಕಾಂಪೌಂಡ್ ಗೋಡೆ ಆಚೆಯಿಂದ ಪಕ್ಕದ ಮನೆ ಕೆಂಪಾಜಮ್ಮ ಕೇಳಿಸಿಕೊಂಡ್ರು. ಅವರು ಒಕ್ಕಲಿಗರು, ನನಗಿಂತ ಹತ್ತು ವರ್ಷ ದೊಡ್ಡೋರು, ಮಗ ಶಿವಸ್ವಾಮಿ ಓಮ್ನಿ ಓಡಿಸ್ತಾನೆ. "ಅಯ್ಯೋ, ಅದಕ್ಯಾಕೆ ಇಂಗೆ ಕುಂತಿದ್ದೀರಿ ರತ್ನಮ್ಮ. ನಮ್ಮನೇಲಿ ಬೇಯ್ಸಿ ನಾನ್ ಆಕ್ತೀನಿ, ಸೂಜಿ ನೀವ್ ಆಕ್ಕೊಳಿ" ಅಂದ್ರು. ಅವತ್ತಿಂದ ಅದೇ ಪದ್ಧತಿ. ಮೊದಮೊದಲು ನಾನೇ ಎತ್ತಿ ಗೋಡೆ ದಾಟಿಸ್ತಿದ್ದೆ, ಕಾಲಿಗೆ ಬಲ ಬಂದಮೇಲೆ ಅದೇ ಹೋಗಿಬರೋದು. ಏಳಕ್ಕೆ ಐದು ನಿಮಿಷ ಇದೆ ಅನ್ನುವಾಗ ಬಾಬಿನ್ನು ಗೋಡೆ ಹಾರಿ ಹೋಗೋದು, ತಿಂದು ಮೂತಿ ನೆಕ್ಕಿಕೊಂಡು ವಾಪಸ್ ಹಾರೋದು, ಆಚೆಯಿಂದ "ತಿಂತು ಕಣ್ರಮ್ಮ" ಅಂತ ಕೂಗು, ಈಚೆ ನನ್ನ ಸೂಜಿ. ಊಟ ಅವರ ಮನೆದು, ಔಷಧಿ ನಮ್ಮ ಮನೆದು. ಐದು ತಿಂಗಳು ಹೀಗೇ ನಡೀತು. ಕಾಲು ಸರಿಹೋಯ್ತು, ಮೈ ತುಂಬಿಕೊಳ್ತು. ಚಿಕ್ಕ ವಯಸ್ಸು, ಇನ್ನೆರಡು ತಿಂಗಳು ಹೀಗೇ ಇದ್ರೆ ಸೂಜಿ ನಿಂತರೂ ನಿಲ್ಲಬಹುದು ಅಂತ ನಯನ ಆಸೆ ಹುಟ್ಟಿಸಿದ್ರು.

ಆಮೇಲೆ ಕೊನೇ ಕಾರ್ತಿಕ ಸೋಮವಾರ ಬಂತು.

ಭಾನುವಾರ ಸಾಯಂಕಾಲ ಕೆಂಪಾಜಮ್ಮ ಗೋಡೆ ಹತ್ರ ಬಂದು ಸಂಕೋಚದಿಂದ ಹೇಳಿದ್ರು. "ನಾಳೆ ನಂಜುಂಡಪ್ಪನ ಒಪ್ಪತ್ತು. ಮನೆಯೆಲ್ಲ ತೊಳ್ದಿವ್ನಿ, ಆ ಪದಾರ್ಥ ಒಳೀಕೆ ಇಡಕಾಗಕಿಲ್ಲ. ನಸುಕಲ್ಲೇ ಇತ್ಲಲ್ಲಿ ಬೇಯ್ಸಿ, ಡಬ್ಬಿಗಾಕಿ ಗೋಡೆ ಮ್ಯಾಲೆ ಇಟ್ಟಿರ್ತೀನಿ. ಮುಚ್ಚಳ ತಗ್ದು ಅದರ ಮುಂದಿಡೋದೊಂದು ನೀವು ಮಾಡ್ಕಬುಡಿ." ಅದೇನು ದೊಡ್ಡ ಕೆಲಸ, ನಾನು ನೋಡ್ಕೋತೀನಿ ಹೋಗಿ ಅಂದೆ.

ಸೋಮವಾರ ನಮ್ಮನೆಗೆ ಮಠದ ಅಯ್ನೋರು ಬರೋರಿದ್ರು. ಪಾದಪೂಜೆ, ಪ್ರಸಾದ. ಐದಕ್ಕೇ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿ, ಅಡುಗೆಗಿಟ್ಟೆ. ಏಳಾಯ್ತು. ಬಾಬಿನ್ನು ಕಾಲಿಗೆ ಸುತ್ತುಹಾಕೋಕೆ ಶುರು ಮಾಡ್ತು. ಹಿತ್ತಲ ಬಾಗಿಲಿಂದ ನೋಡಿದ್ರೆ ಗೋಡೆ ಮೇಲೆ ಸ್ಟೀಲ್ ಡಬ್ಬಿ, ಕಾಗೆ ಬೀಳಿಸಬಾರದು ಅಂತ ಅದರ ಮೇಲೊಂದು ಕಲ್ಲು. ಹತ್ತು ಹೆಜ್ಜೆ.

ಆ ಹತ್ತು ಹೆಜ್ಜೆ ನಾನು ಹೋಗಲಿಲ್ಲ. ಈ ಕೈಯಲ್ಲಿ ಕೋಳಿ ಡಬ್ಬಿ ಮುಟ್ಟಿ, ಇದೇ ಕೈಯಲ್ಲಿ ಅಯ್ನೋರ ಪಾದಕ್ಕೆ ನೀರು ಹಾಕೋದಾ? ಪೂಜೆ ಎಂಟಕ್ಕೆ, ಮುಗಿದ ತಕ್ಷಣ ಹಾಕಿದ್ರಾಯ್ತು ಅಂದ್ಕೊಂಡೆ. ಸೂಜಿ ಮಾತ್ರ ತಡ ಮಾಡಬಾರದು, ಏಳು ಅಂದ್ರೆ ಏಳು. ಸೂಜಿಗೆ ಏನು ಮೈಲಿಗೆ, ಅದು ಔಷಧಿ. ಹೀಗೆಲ್ಲ ಲೆಕ್ಕ ಹಾಕಿ, ಫ್ರಿಜ್ಜಿಂದ ಸೀಸೆ ತೆಗೆದು, ಹಸಿದ ಹೊಟ್ಟೆಯ ಬೆಕ್ಕಿಗೆ ಚುಚ್ಚಿಬಿಟ್ಟೆ. ಚೀಟೀಲಿ ಏನು ಬರೆದಿದೆ ಅಂತ ನಂಗೆ ಬಾಯಿಪಾಠ ಬರ್ತಿತ್ತು. ಗೊತ್ತಿದ್ದೇ ಚುಚ್ಚಿದೆ. ಒಂದು ಗಂಟೇಲಿ ಏನಾಗುತ್ತೆ ಅಂದ್ಕೊಂಡೆ.

ಅಯ್ನೋರು ಬಂದದ್ದು ಒಂಬತ್ತಕ್ಕೆ. ಪಾದಪೂಜೆ ಮುಗಿದು ಅವರು ಎಲೆ ಮುಂದೆ ಕೂರೋ ಹೊತ್ತಿಗೆ ಒಂಬತ್ತೂಮುಕ್ಕಾಲು. ಪಲ್ಯ ಬಡಿಸಿ ಹಿತ್ತಲಿಗೆ ಹೋಗೋಣ ಅಂತ ಮಿಷನ್ ಪಕ್ಕ ದಾಟ್ತಿದ್ದೆ, ಪೆಡಲ್ ಕೆಳಗೆ ಏನೋ ಟಕಟಕ ಅಂತಿತ್ತು. ಬಗ್ಗಿ ನೋಡಿದೆ. ಬಾಬಿನ್ನು ಅಡ್ಡ ಬಿದ್ದು ಒದ್ದಾಡ್ತಿತ್ತು, ಕಾಲು ಪೆಡಲ್ಲಿಗೆ ಬಡೀತಿತ್ತು. ಬಾಯಲ್ಲಿ ಜೊಲ್ಲು. ಕಣ್ಣು ತೆರೆದೇ ಇತ್ತು, ಆದರೆ ನನ್ನನ್ನ ನೋಡ್ತಿರಲಿಲ್ಲ.

ನಾನು ಕೂಗಿಕೊಂಡಿರಬೇಕು. ಯಜಮಾನ್ರು ಓಡಿಬಂದ್ರು. ಅವರೇ ನಯನಾಗೆ ಫೋನ್ ಮಾಡಿದ್ರು. ವಸಡಿಗೆ ಜೇನುತುಪ್ಪ ಸವರಿ, ತಕ್ಷಣ ಹೊರಡಿ ಅಂದ್ರಂತೆ. ಪೂಜೆಗೆ ಅಂತ ತಂದಿದ್ದ ಜೇನಿನ ಬಾಟ್ಲು ತಂದು ಸವರಿದ್ರು. ಸವರ್ತಾ ನನ್ನ ಕಡೆ ತಿರುಗಿ, "ಬೆಳಗ್ಗೆ ತಿಂದಿತ್ತೇನೇ?" ಅಂದ್ರು. ಒಳಗೆ ಎಲೆ ಮುಂದೆ ಅಯ್ನೋರು. ಗಲಾಟೆ ಕೇಳಿ ಬೀದಿ ಬಾಗಿಲಿಗೆ ಬರ್ತಿದ್ದ ಕೆಂಪಾಜಮ್ಮ.

"ತಿಂದಿತ್ತು" ಅಂದುಬಿಟ್ಟೆ.

ಇದಕ್ಕಿಂತ ದೊಡ್ಡ ನಾಚಿಕೆಗೇಡಿನ ಮಾತು ಇನ್ನೊಂದಿದೆ, ಅದನ್ನೂ ಹೇಳ್ತೀನಿ. ಕೆಂಪಾಜಮ್ಮ ಬೆಕ್ಕಿನ ಹತ್ರ ಕೂತಾಗ ನಾನು ಟವಲು ತರೋ ನೆಪದಲ್ಲಿ ಹಿತ್ತಲಿಗೆ ಹೋದೆ. ಕಲ್ಲು ತೆಗೆದೆ, ಮುಚ್ಚಳ ತೆಗೆದೆ, ಬರೀ ಕೈಯಲ್ಲಿ ಕೋಳಿ ಬಾಚಿ ಮೋರಿಗೆ ಎಸೆದೆ, ಖಾಲಿ ಡಬ್ಬಿನ ಗೋಡೆ ಮೇಲಿಟ್ಟೆ. ಬೆಕ್ಕಿಗೆ ಉಣಿಸೋಕೆ ಮುಟ್ಟಬಾರದಿದ್ದ ಡಬ್ಬಿ ಅದು. ಸುಳ್ಳು ಮುಚ್ಚೋಕೆ ಮುಟ್ಟುವಾಗ ನಂಗೆ ಯಾವ ಮಡಿಯೂ ಅಡ್ಡ ಬರಲಿಲ್ಲ.

ಅಯ್ನೋರು ಪ್ರಸಾದ ಅಲ್ಲಿಗೇ ಮುಗಿಸಿ ಎದ್ದು ಹೊರಟ್ರು. ಶಿವಸ್ವಾಮಿ ಓಮ್ನಿ ತೆಗೆದ. ಮುಂದೆ ಯಜಮಾನ್ರು, ಹಿಂದೆ ನಾನು, ನನ್ನ ಮಡಿಲಲ್ಲಿ ಬುಟ್ಟಿ, ಪಕ್ಕದಲ್ಲಿ ಕೆಂಪಾಜಮ್ಮ. ಜೇನಿಗೆ ಒದ್ದಾಟ ನಿಂತಿತ್ತು, ಮೈ ಮಾತ್ರ ಬಟ್ಟೆ ಗಂಟಿನ ಹಾಗೆ ಬಿದ್ದಿತ್ತು. ಅರ್ಧ ದಾರೀಲಿ ಕೆಂಪಾಜಮ್ಮ ಅಳೋಕೆ ಶುರು ಮಾಡಿದ್ರು. "ಡಬ್ಬಿ ಖಾಲಿ ಇತ್ತು, ನೋಡ್ದೆ. ಎಲ್ಲಾನೂವೆ ತಿಂದೈತೆ. ನಾನ್ ಬೇಯ್ಸಿದ್ದೇ ಕೆಟ್ಟಿತ್ತೋ ಏನೋ ರತ್ನಮ್ಮ. ನೆನ್ನೆ ತಂದ ಕೋಳಿ. ವಾಸನೆ ನೋಡ್ದೆ, ಏನೂ ಇರ್ಲಿಲ್ಲ. ನಂಜುಂಡಪ್ಪನ ದಿನ ಅದನ್ನ ಬೇಯ್ಸಬಾರದಿತ್ತು ನಾನು." ಒಪ್ಪತ್ತು ಮಾಡ್ತಿದ್ದ ಹೆಂಗಸು, ನೀರೂ ಕುಡಿದಿರಲಿಲ್ಲ. ನಾನು ಕಿಟಕಿ ಕಡೆ ಮುಖ ತಿರುಗಿಸಿದೆ. ಇಲ್ಲ ಬಿಡಿ ಅನ್ನೋ ಒಂದು ಮಾತೂ ನನ್ನ ಜೋರು ಬಾಯಿಂದ ಬರಲಿಲ್ಲ.

ನಂಜನಗೂಡು ಮುಟ್ಟೋ ಹೊತ್ತಿಗೆ ಹನ್ನೊಂದೂವರೆ. ಕೊನೇ ಕಾರ್ತಿಕ ಸೋಮವಾರದ ಜನ ಕೇಳಬೇಕಾ, ಗಾಡಿ ಸೇತುವೆ ಹತ್ರಾನೇ ನಿಂತುಹೋಯ್ತು. ಬುಟ್ಟಿ ಎತ್ತಿಕೊಂಡು ಇಳಿದು ನಡೆದೆ, ಯಜಮಾನ್ರೂ ಕೆಂಪಾಜಮ್ಮನೂ ಹಿಂದೆ ಬಂದ್ರು. ಎದುರಿಗೆ ಕಪಿಲೆಯಲ್ಲಿ ಮುಳುಗಿ ಬಂದ ಒದ್ದೆ ತಲೆಗಳು, ತೆಂಗಿನಕಾಯಿ ಬ್ಯಾಗು, ಮುಡಿ ಕೊಟ್ಟ ಮಕ್ಕಳು. ಬಾಲ್ಯದಲ್ಲಿ ಇದೇ ಸೋಮವಾರ ಅವ್ವನ ಜೊತೆ ಹೆಡತಲೆಯಿಂದ ಎತ್ತಿನ ಗಾಡೀಲಿ ಬರ್ತಿದ್ವಿ. ಅವ್ವ ನನ್ನ ಎರಡೂ ರಟ್ಟೆ ಹಿಡಿದು ನೀರಲ್ಲಿ ಮೂರು ಸಲ ಮುಳುಗಿಸಿ, ನಾನು ಹಲ್ಲು ಕಟಕಟ ಅಂತ ಅಳ್ತಿದ್ರೆ ಸೆರಗಲ್ಲಿ ತಲೆ ಒರೆಸಿ, ಕೈಗೊಂದು ರಸಬಾಳೆಹಣ್ಣು ಕೊಡೋಳು. ಆ ಹಣ್ಣಿನ ವಾಸನೆ ಈಗಿನದಕ್ಕೆ ಇಲ್ಲ. ಅವತ್ತು ಆ ಜನದಲ್ಲಿ ಎಲ್ಲೋ ಅದೇ ವಾಸನೆ ಬಂದ ಹಾಗಾಯ್ತು. ಅವ್ವಾ, ನಿನ್ನ ಬೆಕ್ಕನ್ನ ಕೊಂದೆ ಕಣೇ ಅಂತ ಮನಸ್ಸಲ್ಲೇ ಅಂದ್ಕೊಂಡು ನಡೆದೆ. ಗೋಪುರ ಕಾಣಿಸ್ತು. ಎರಡೂ ಕೈ ಬುಟ್ಟಿ ಮೇಲಿತ್ತು, ಮುಗಿಯಲಿಲ್ಲ.

ನಯನ ಕಿವಿಯ ಅಂಚು ಚುಚ್ಚಿ ಒಂದು ಹನಿ ರಕ್ತ ನೋಡಿದ್ರು. ಜೇನು ಸವರಿದ ಮೇಲೂ ಸಕ್ಕರೆ ನೋಡೋ ಮಿಷನ್ನಲ್ಲಿ ಮೂವತ್ತೆಂಟು ಬಂತು, ಅರವತ್ತಕ್ಕಿಂತ ಕೆಳಗೆ ಇಳೀಬಾರದಂತೆ. ಮುಂಗಾಲಿನ ಕೂದಲು ಬೋಳಿಸಿ ಗ್ಲೂಕೋಸ್ ಏರಿಸಿದ್ರು. ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಸದ್ಯಕ್ಕೆ ಕಣ್ಣು ಕಾಣ್ತಿಲ್ಲ, ಮಿದುಳಿಗೆ ಸಕ್ಕರೆ ಸಾಲದೆ ಹೀಗಾಗಿದೆ, ವಾಪಸ್ ಬರಬಹುದು, ಬರದೇನೂ ಇರಬಹುದು ಅಂದ್ರು. ಆಮೇಲೆ ಕೇಳಿದ್ರು. "ಬೆಳಗ್ಗೆ ಎಷ್ಟು ತಿಂತು ಆಂಟಿ?"

ನಾನು ಬಾಯಿ ತೆರೆಯೋಕೆ ಮುಂಚೆ ಕೆಂಪಾಜಮ್ಮ ಹೇಳಿದ್ರು, "ಡಬ್ಬಿ ತುಂಬ ಆಕಿದ್ದೆ ಕಣವ್ವ, ಒಂದ್ ಚೂರೂ ಬುಟ್ಟಿಲ್ಲ."

ನಯನಾ ಮುಖ ಸಪ್ಪಗಾಯ್ತು. ಸ್ಟೂಲು ಎಳಕೊಂಡು ಕೂತು ನಿಧಾನವಾಗಿ ಹೇಳಿದ್ರು. ಹೊಟ್ಟೆ ತುಂಬ ತಿಂದಮೇಲೂ ಒಂದೇ ಯೂನಿಟ್ಟಿಗೆ ಇಷ್ಟು ಕೆಳಗೆ ಬಿದ್ದಿದೆ ಅಂದ್ರೆ ಇದು ಬರೀ ಸೂಜಿಯಿಂದ ಆಗಿರೋದಲ್ಲ. ಒಳಗೆ ಬೇರೆ ಏನೋ ಇರಬೇಕು. ಗಡ್ಡೆ ಇರಬಹುದು, ಲಿವರ್ ಇರಬಹುದು. ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸಬೇಕು, ಒಂದು ವಾರ ಅಲ್ಲೇ ಇಡಬೇಕು, ಬೇಕಾದ್ರೆ ಆಪರೇಷನ್ನು. ನಲವತ್ತು ಐವತ್ತು ಸಾವಿರ ದಾಟುತ್ತೆ. ಅಷ್ಟೆಲ್ಲ ಮಾಡಿದ್ರೂ ಗಡ್ಡೆ ಅಂತಾದ್ರೆ ಉಳಿಯೋದು ಕಮ್ಮಿ. "ಕಣ್ಣೂ ಹೋಗಿದೆ. ನೋವಿಲ್ಲದ ಹಾಗೆ ಮಲಗಿಸಿಬಿಡೋದೂ ಒಂದು ದಾರಿ. ನಾನು ಒತ್ತಾಯ ಮಾಡಲ್ಲ. ಇದು ನೀವೇ ಯೋಚನೆ ಮಾಡಬೇಕಾದ್ದು" ಅಂದ್ರು.

ಯಜಮಾನ್ರು ಬೆಕ್ಕಿನ ಬೆನ್ನ ಮೇಲೆ ಕೈ ಇಟ್ರು. ಆಮೇಲೆ ನನ್ನ ಕಡೆ ನೋಡದೆ ಹೇಳಿದ್ರು. "ದುಡ್ಡು ಹೆಂಗೋ ಹೊಂದಿಸಬಹುದು. ಆದರೆ ಕಣ್ಣಿಲ್ಲದ ಜೀವಾನ ಮೈಸೂರಿಗೆ ಹೊತ್ತುಕೊಂಡು ಹೋಗಿ, ಹೊಟ್ಟೆ ಕುಯ್ಸಿ, ಅಲ್ಲಿ ಒಂಟಿಯಾಗಿ ಸಾಯಿಸೋದು ಬೇಡ ಕಣೇ. ಇಲ್ಲೇ ನಮ್ಮ ಕೈಯಲ್ಲೇ ಹೋಗಲಿ." ಅವರ ಬಾಯಲ್ಲಿ ಒಂದೇ ಉಸಿರಿಗೆ ಅಷ್ಟು ಮಾತು ನಾನು ಕೇಳಿರಲಿಲ್ಲ. ನಯನ ಒಪ್ಪಿಗೆ ಕಾಗದ ತಂದಿಟ್ರು. ಯಜಮಾನ್ರು ಜೇಬಿಂದ ಪೆನ್ನು ತೆಗೆದ್ರು. ಕಾಗದವನ್ನ ಮೇಲಿಂದ ಕೆಳಗೆ ಓದಿದ್ರು, ಮೇಷ್ಟ್ರಲ್ವಾ, ಓದದೆ ಸೈನ್ ಹಾಕೋರಲ್ಲ. ಬೆಕ್ಕಿನ ಹೆಸರು ಅನ್ನೋ ಜಾಗದಲ್ಲಿ ದುಂಡಗೆ ಬಾಬಿನ್ ಅಂತ ಬರೆದ್ರು. ವಯಸ್ಸು ಎರಡೂವರೆ ಅಂತ ಬರೆದ್ರು. ಪೆನ್ನು ಸೈನ್ ಹಾಕೋ ಗೆರೆಗೆ ಇಳೀತು.

"ಅದು ತಿಂದಿರಲಿಲ್ಲ" ಅಂದೆ.

ಯಾರಿಗೂ ಸರಿಯಾಗಿ ಕೇಳಿಸಲಿಲ್ಲ ಅನ್ಸುತ್ತೆ. ಮತ್ತೆ ಹೇಳಿದೆ. "ಒಂದು ಚೂರೂ ತಿಂದಿರಲಿಲ್ಲ. ನಾನು ಡಬ್ಬಿ ಮುಟ್ಟಲಿಲ್ಲ. ಸ್ನಾನ ಆಗಿತ್ತು, ಅಯ್ನೋರು ಬರೋರಿದ್ರು, ಪೂಜೆ ಆದಮೇಲೆ ಹಾಕೋಣ ಅಂತ ಬರೀ ಹೊಟ್ಟೆಗೆ ಸೂಜಿ ಹಾಕಿದೆ. ಆಮೇಲೆ ಕೋಳಿನ ಮೋರಿಗೆ ಚೆಲ್ಲಿ ಡಬ್ಬಿ ಖಾಲಿ ಮಾಡಿದ್ದೂ ನಾನೇ. ಅದಕ್ಕೆ ಗಡ್ಡೆ ಇಲ್ಲ ಡಾಕ್ಟ್ರಮ್ಮ, ಏನೂ ಇಲ್ಲ. ನಾನು ಮಾಡಿದ್ದು ಇದು."

ನಯನ ಎದ್ದುನಿಂತ್ರು. ಅವರಿಗೆ ಸಿಟ್ಟು ಬಂತು, ಬರಲೇಬೇಕು. "ಇದನ್ನ ಬಂದ ತಕ್ಷಣ ಹೇಳಬಾರದಿತ್ತಾ? ಇನ್ನೊಂದು ನಿಮಿಷ ಆಗಿದ್ರೆ ನಾನು ಮಲಗಿಸೋ ಔಷಧಿ ಸಿರಿಂಜಿಗೆ ಎಳೀತಿದ್ದೆ ಆಂಟಿ" ಅಂತ ಹೇಳಿ, ಕಾಗದ ಎಳಕೊಂಡು ಹರಿದುಹಾಕಿದ್ರು. ಆಮೇಲೆ ಸ್ವರ ಇಳಿಸಿದ್ರು. ಬರೀ ಹೊಟ್ಟೆಗೆ ಆಗಿರೋದಾದ್ರೆ ಸ್ಕ್ಯಾನೂ ಬೇಡ, ಮೈಸೂರೂ ಬೇಡ. ಎರಡು ದಿನ ಇಲ್ಲೇ ಡ್ರಿಪ್ಪಲ್ಲಿ ಇರಲಿ. ಉಳಿಯೋಕೆ ಸಾಧ್ಯ ಇದೆ.

ಕೆಂಪಾಜಮ್ಮ ಬಾಗಿಲ ಹತ್ರ ನಿಂತಿದ್ರು. "ದಾರಿ ಉದ್ದಕ್ಕೂ ನನ್ನ ಕೈನೇ ಬೈಕಂಡು ಬಂದ್ನಲ್ಲ ರತ್ನಮ್ಮ. ಪಕ್ಕದಲ್ಲೇ ಕುಂತಿದ್ರಿ" ಅಂದ್ರು. ಅಷ್ಟೇ ಅಂದು ಹೊರಗೆ ಹೋಗಿ, ಅಷ್ಟೊತ್ತಿಗೆ ಬಂದು ನಿಂತಿದ್ದ ಓಮ್ನೀಲಿ ಕೂತ್ರು. ಬೈದಿದ್ರೆ ನಂಗೆ ಹಗುರ ಆಗ್ತಿತ್ತು. ಯಜಮಾನ್ರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದ್ರು. ಮನೆಗೆ ಬಂದು ಸೀದಾ ಕರಿಬೇವಿನ ಗಿಡಕ್ಕೆ ನೀರು ಹಾಕೋಕೆ ಹೋದ್ರು. ಮಂಗಳವಾರ ಪೂರ್ತಿ ಪೇಪರ್ ಹಿಂದೆ ಮುಖ ಇಟ್ಟುಕೊಂಡೇ ಕಳೆದ್ರು.

ಬುಧವಾರ ಹೋಗಿ ಬಾಬಿನ್ನ ಕರಕೊಂಡು ಬಂದ್ವಿ. ಮೋಟಾರ್ ಮಿಷನ್ನಿಗೆ ಅಂತ ತೆಗೆದಿಟ್ಟಿದ್ದ ದುಡ್ಡಲ್ಲಿ ಬಿಲ್ಲು ಕಟ್ಟಿದೆ, ಅದರ ಬಗ್ಗೆ ನಂಗೆ ಎಳ್ಳಷ್ಟೂ ಬೇಜಾರಿಲ್ಲ. ಕಣ್ಣು ನೆರಳು ಬೆಳಕಿನಷ್ಟು ಕಾಣ್ತಿದೆ, ದಿನ ಕಳೆದ ಹಾಗೆ ಸರಿಹೋಗಬಹುದು ಅಂದ್ರು ನಯನ. ಸೂಜಿ ಅರ್ಧ ಯೂನಿಟ್ಟಿಗೆ ಇಳಿಸಿದ್ರು. "ಉಣಿಸೋದು, ಸೂಜಿ ಹಾಕೋದು ಇನ್ಮೇಲೆ ಒಂದೇ ಮನೇಲಿ ಆಗಬೇಕು. ಆಗಲ್ಲ ಅಂದ್ರೆ ಈಗಲೇ ಹೇಳಿ, ಬೇರೆ ಮನೆ ಹುಡುಕ್ತೀನಿ" ಅಂದ್ರು. ಆಗುತ್ತೆ ಅಂದೆ. ಹೇಗೆ ಅಂತ ಗೊತ್ತಿರಲಿಲ್ಲ. ಯಜಮಾನ್ರ ಮುಖ ನೋಡೋ ಧೈರ್ಯವೂ ಬರಲಿಲ್ಲ. ಸಾಯಂಕಾಲ ಶಿವಸ್ವಾಮಿ ಕೈಲಿ ಕೋಳಿ ಕಳಿಸಿದ್ರು ಕೆಂಪಾಜಮ್ಮ. ಹಿತ್ತಲ ಕಲ್ಲಿನ ಮೇಲೆ ನಾನೇ ತಿನ್ನಿಸಿದೆ, ಬಾಯಿಗೆ ಇಟ್ರೂ ಅರ್ಧ ಕೆಳಗೆ ಬೀಳಿಸ್ತು. ಗೋಡೆ ಆಚೆ ಅವರ ದನಿ ಕೇಳಲಿಲ್ಲ.

ಗುರುವಾರ ಆರೂಮುಕ್ಕಾಲಿಗೆ ಎಚ್ಚರ ಆಯ್ತು. ಎರಡು ದಿನ ನಿದ್ದೆಗೆಟ್ಟು ಮೈ ಮರೆತಿದ್ದೆ. ಸ್ನಾನಕ್ಕೆ ಮುಂಚೇನೇ ಉಣಿಸಿಬಿಡೋಣ ಅಂತ ಹಿತ್ತಲಿಗೆ ಓಡಿದೆ. ಬಟ್ಟೆ ಒಗೆಯೋ ಕಲ್ಲಿನ ಮೇಲೆ ಯಜಮಾನ್ರು ಕೂತಿದ್ರು. ತಲೆ ಒದ್ದೆ, ಹಣೆ ತುಂಬ ವಿಭೂತಿ, ಮಡಿ ಪಂಚೆ. ಮುಂದೆ ಡಬ್ಬಿ. ಬಾಬಿನ್ನು ಅವರ ಮೊಣಕಾಲಿಗೆ ಒರಗಿ ನಿಂತಿತ್ತು. ಅವರು ಕೋಳಿನ ಬೆರಳಲ್ಲಿ ಸಣ್ಣಗೆ ಹಿಸುಕಿ, ಒಂದೊಂದೇ ಎಳೆ ಅದರ ಬಾಯಿಗೆ ಮುಟ್ಟಿಸ್ತಿದ್ರು. ಹುಟ್ಟಿ ಅರವತ್ಮೂರು ವರ್ಷದಲ್ಲಿ ಅವರು ಆ ಪದಾರ್ಥ ಮುಟ್ಟಿದ್ದು ಅದೇ ಮೊದಲು.

"ನಿಮ್ಮ ಸ್ನಾನ ಆಗಿದೆಯಲ್ರೀ" ಅಂದೆ.

"ಆಗಿದೆ." ಅವರು ತಲೆ ಎತ್ತಲಿಲ್ಲ. "ಇನ್ನೊಂದ್ಸಲ ಮಾಡಿದ್ರಾಯ್ತು."

ನಾನು ಅಲ್ಲೇ ಬಾಗಿಲ ಕಟ್ಟೆ ಮೇಲೆ ಕೂತುಬಿಟ್ಟೆ. ಸೋಮವಾರ ಬೆಳಗ್ಗೆ ಹಂಡೆ ತುಂಬ ಬಿಸಿನೀರು ಇತ್ತು. ಅಯ್ನೋರು ಬರೋಕೆ ಎರಡು ಗಂಟೆ ಇತ್ತು. ಡಬ್ಬಿ ತೆಗೆದು, ಬೆಕ್ಕಿಗೆ ಹಾಕಿ, ನಾಲ್ಕು ಚೊಂಬು ನೀರು ಹುಯ್ಕೊಂಡು ಸೀರೆ ಬದಲಾಯಿಸೋಕೆ ಹತ್ತು ನಿಮಿಷ. ಅಷ್ಟೇ ಆಗಿತ್ತು. ಅಷ್ಟು ನಂಗೆ ಹೊಳೀಲಿಲ್ಲ. ನನ್ನ ತವರಿನ ಪಾಲು ಅಂತ ಮಡಿಲಲ್ಲಿ ಹೊತ್ತು ತಂದ ಜೀವಾನ ಹತ್ತು ನಿಮಿಷದ ಸ್ನಾನಕ್ಕೆ ಹೆದರಿ ಸಾಯೋಕೆ ಬಿಟ್ಟಿದ್ದೆ. ಅಳು ತಡೆಯೋಕಾಗಲಿಲ್ಲ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಗೋಡೆ ಆಚೆಯಿಂದ ಪಾತ್ರೆ ಸದ್ದು ನಿಂತಿತು. "ತಿಂತಾ ಮೇಷ್ಟ್ರೇ?" ಅಂದ್ರು ಕೆಂಪಾಜಮ್ಮ. ನನ್ನನ್ನ ಕೇಳಲಿಲ್ಲ, ಅವರನ್ನ ಕೇಳಿದ್ರು. ನನ್ನ ಕೇಳೋಕೆ ಅವರಿಗೆ ಇನ್ನೂ ಸ್ವಲ್ಪ ದಿನ ಬೇಕಾಗುತ್ತೆ.

"ತಿಂತು ತಾಯಿ, ಪೂರ್ತಿ" ಅಂದ್ರು ಯಜಮಾನ್ರು. ಆಮೇಲೆ ನನ್ನ ಕಡೆ ನೋಡಿ, "ಏಳು ಹೊಡೀತು, ಸೂಜಿ ತಗೊಂಡು ಬಾ" ಅಂದ್ರು.

ನಾನು ಕಣ್ಣು ಒರೆಸಿಕೊಂಡು ಒಳಗೆ ಹೋಗಿ ಫ್ರಿಜ್ಜಿಂದ ಔಷಧಿ ತಗೊಂಡೆ. ಬರ್ತಾ ಬಚ್ಚಲ ಒಲೆಗೆ ಎರಡು ಸೌದೆ ಇಟ್ಟು ಬಂದೆ, ಅವರ ಸ್ನಾನಕ್ಕೆ ನೀರು ಕಾಯಲಿ ಅಂತ.